ಬೆರಳಿಗೆ ಚುಚ್ಚುವುದು ಮೊನೆಯೊಂದೇ ಅಲ್ಲ

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ಮೊಮ್ಮಗಳಿಗೆಂದು ಮನೆಯಲ್ಲಿದ್ದ ಸೀರೆ, ಹಾಸಿಗೆ ಹೊದಿಕೆಗಳನ್ನೆಲ್ಲ ಸೇರಿಸಿ ಕೌದಿ ಹೊಲಿಯತೊಡಗಿದ್ದೇನೆ. ಕಾಲುಭಾಗವೂ ಮುಗಿದಿಲ್ಲ, ಅಷ್ಟರಲ್ಲೇ ಬೆರಳುಗಳು ಜರಡಿಯಾಗಿವೆ. ಹುಣಸೆಹಣ್ಣು ಕಿವುಚುವಾಗ ಜೀವ ಹೋದಂತಾಗುತ್ತದೆ. ಮಗಳು ಲೋಹದ್ದೊಂದು ಅಂಗುಸ್ತಾನ ತರಿಸಿಕೊಟ್ಟಳು. ಅದನ್ನು ಹಾಕಿಕೊಂಡರೆ ಸೂಜಿ ಹಿಡಿಯಲಿಕ್ಕೇ ಬರುವುದಿಲ್ಲ, ನಾಲ್ಕು ಹೊಲಿಗೆಗೊಮ್ಮೆ ಕಳಚಿ ಮಂಚದ ಕೆಳಗೆ ಉರುಳುತ್ತದೆ. ನಮ್ಮಜ್ಜಿ ಮನೆಮಂದಿಗೆಲ್ಲ ಕೌದಿ ಹೊಲಿದವಳು, ಅವಳು ಬೆರಳಿಗೆ ಏನನ್ನೂ ಹಾಕಿದ್ದು ನಾನು ನೋಡಿಲ್ಲ. ಅಂಗುಸ್ತಾನ ನಿಜವಾಗಿಯೂ ಬೇಕೆ? ಬೆರಳು ಉಳಿಸಿಕೊಳ್ಳಲು ಬೇರೆ ದಾರಿ ಇದೆಯೆ?
— ಓದುಗರೊಬ್ಬರು, ಹಾವೇರಿ

ಉತ್ತರ: ಮೊದಲು ಸೂಜಿಯನ್ನು ಬದಿಗಿಟ್ಟು, ಬೆಳಕಿರುವ ಕಡೆ ಕುಳಿತು ಎರಡೂ ಕೈ ನೋಡಿಕೊಳ್ಳಿ. ಹೊಲಿಯುವ ಕೈಯ ಬೆರಳಲ್ಲಿ ಏನಾಗಿದೆ, ಬಟ್ಟೆಯ ಅಡಿಗೆ ಇರುವ ಕೈಯಲ್ಲಿ ಏನಾಗಿದೆ ಎಂದು ಬೇರೆಬೇರೆಯಾಗಿ ಗಮನಿಸಿ. ಎರಡು ಕೈಯ ಗಾಯವೂ ಒಂದೇ ಬಗೆಯದಲ್ಲ ಎನ್ನುವುದು ಕೂಡಲೇ ತಿಳಿಯುತ್ತದೆ. ಅಡಿಗೈಯಲ್ಲಿ ಸಣ್ಣ ಸಣ್ಣ ಚುಕ್ಕೆಗಳಿರುತ್ತವೆ, ಕೆಲವು ಕಪ್ಪಾಗಿ ಒಣಗಿರುತ್ತವೆ. ಅದು ಸೂಜಿಯ ಮೊನೆ ಮಾಡಿದ್ದು. ಹೊಲಿಯುವ ಕೈಯ ನಡುಬೆರಳಿನ ತುದಿಯಲ್ಲೋ ಹೆಬ್ಬೆರಳಿನ ಪಕ್ಕದಲ್ಲೋ ಗುಳಿ ಬಿದ್ದಿರುತ್ತದೆ, ಚರ್ಮ ಸೀಳಿರುತ್ತದೆ, ಮುಟ್ಟಿದರೆ ಒಳಗೆಲ್ಲೋ ಜೋಮು ಹಿಡಿದಂತೆ ನೋಯುತ್ತದೆ. ಅದನ್ನು ಮಾಡಿದ್ದು ಮೊನೆಯಲ್ಲ, ದಾರ ಪೋಣಿಸುವ ತುದಿ, ಅಂದರೆ ಸೂಜಿಯ ಕಣ್ಣು.

ನಾವೆಲ್ಲ ಹೆದರುವುದು ಮೊನೆಗೆ. ಆದರೆ ದಿನಗಟ್ಟಲೆ ಹೊಲಿಯುವವರ ಬೆರಳು ಹಾಳಾಗುವುದು ಹೆಚ್ಚಾಗಿ ಕಣ್ಣಿನ ತುದಿಯಿಂದ. ಮೊನೆ ಚುಚ್ಚಿದರೆ 'ಹಾ' ಎಂದು ಕೈ ಹಿಂದಕ್ಕೆ ಬರುತ್ತದೆ, ಒಂದು ಹನಿ ರಕ್ತ, ಮರುದಿನ ಮರೆತೂ ಹೋಗುತ್ತದೆ. ಕಣ್ಣಿನ ತುದಿ ಹಾಗಲ್ಲ. ಐದು ಪದರದ ಬಟ್ಟೆಯಲ್ಲಿ ಸೂಜಿ ದಾಟಿಸಲು ನೀವು ಹಾಕುವ ಬಲವೆಲ್ಲ ಸಾಸಿವೆ ಕಾಳಿಗಿಂತ ಚಿಕ್ಕ ಜಾಗದಲ್ಲಿ ನಿಮ್ಮ ಬೆರಳಿಗೇ ವಾಪಸು ಬರುತ್ತದೆ. ಅದೇ ಜಾಗಕ್ಕೆ ಒಂದು ಸಂಜೆಯಲ್ಲಿ ನೂರಾರು ಸಲ. ನಮ್ಮ ದೇಹದಲ್ಲಿ ಸ್ಪರ್ಶದ ನರಗಳು ಅತಿ ದಟ್ಟವಾಗಿರುವ ಜಾಗಗಳಲ್ಲಿ ಬೆರಳತುದಿಯೂ ಒಂದು. ಇಷ್ಟಗಲದ ಗಾಯಕ್ಕೆ ಅಷ್ಟು ನೋವು ಯಾಕೆ ಎನ್ನುವುದಕ್ಕೆ ಉತ್ತರ ಅದು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಎರಡು. ಹೊಲಿಯುವ ಕೈಗೆ ಅಂಗುಸ್ತಾನ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಡಿಗೈಗೆ ಮಾತ್ರ ಕವಚ ಹಾಕುವ ಮುನ್ನ ಸ್ವಲ್ಪ ಯೋಚಿಸಿ.

ಅಂಗುಸ್ತಾನದ ಮಾತು ಮೊದಲು ಮುಗಿಸೋಣ. ಹೆಸರು ಪಾರಸಿಯದು. ಆ ಭಾಷೆಯಲ್ಲಿ 'ಅಂಗುಶ್ತ್' ಎಂದರೆ ಬೆರಳು, ನಮ್ಮ ಸಂಸ್ಕೃತದ ಅಂಗುಷ್ಠದ ದಾಯಾದಿ. ದರ್ಜಿಗಳ ಬಾಯಿಂದ ಬಾಯಿಗೆ ಸಾಗಿ ನಮ್ಮಲ್ಲಿ ಅಂಗುಸ್ತಾನವಾಗಿದೆ. ಬೆರಳಿಗೆ ಕವಚ ಹಾಕುವ ಬುದ್ಧಿ ಮಾತ್ರ ದರ್ಜಿಗಳದೇ ಅಲ್ಲ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರರ ಹಿಂದೆ ಹೊರಟ ರಾಮಲಕ್ಷ್ಮಣರ ಕೈಯಲ್ಲಿ ಉಡದ ಚರ್ಮದ ಅಂಗುಲಿತ್ರಾಣವಿತ್ತು ಎಂಬ ವರ್ಣನೆ ಬರುತ್ತದೆ. ಬಿಲ್ಲಿನ ಹೆದೆ ಬೆರಳು ಕೊಯ್ಯದಿರಲೆಂದು ಕಟ್ಟಿಕೊಂಡದ್ದು ಅದು. ಅಜ್ಜಿ ಹಾಕುತ್ತಿರಲಿಲ್ಲ ಎಂದು ನಿಮಗೆ ಸಂಕೋಚವಿದ್ದರೆ, ರಾಮನೇ ಹಾಕಿದ್ದ ಎಂದು ಸಮಾಧಾನ ಮಾಡಿಕೊಳ್ಳಿ.

ಯುರೋಪಿನಲ್ಲಿ ಹದಿನೈದು, ಹದಿನಾರನೆಯ ಶತಮಾನದ ಹೊತ್ತಿಗೆ ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣ ಹಿತ್ತಾಳೆಯ ಅಂಗುಸ್ತಾನಕ್ಕೇ ಹೆಸರಾಗಿತ್ತು. ಶ್ರೀಮಂತರ ಮನೆಯ ಹೆಂಗಸರು ಬೆಳ್ಳಿಯದನ್ನು ಹಾಕುತ್ತಿದ್ದರು. ಬೆಳ್ಳಿ ಮೆದು, ಉಕ್ಕಿನ ಸೂಜಿ ಅದನ್ನು ತೂತು ಮಾಡಿಬಿಡುತ್ತಿತ್ತು. 1884ರಲ್ಲಿ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನ ಚಾರ್ಲ್ಸ್ ಹಾರ್ನರ್ ಎಂಬ ಅಕ್ಕಸಾಲಿಗ ಎರಡು ಬೆಳ್ಳಿ ಪದರದ ನಡುವೆ ಉಕ್ಕಿನ ಪದರ ಇಟ್ಟು 'ಡಾರ್ಕಸ್' ಎಂಬ ಅಂಗುಸ್ತಾನಕ್ಕೆ ಪೇಟೆಂಟ್ ಪಡೆದ. ಬೆಳ್ಳಿಯನ್ನೇ ತೂತು ಮಾಡುವ ಸೂಜಿ ನಿಮ್ಮ ಚರ್ಮವನ್ನು ಬಿಡುತ್ತದೆಯೆ?

ಈಗ ನಿಮ್ಮದು ಯಾಕೆ ಉರುಳುತ್ತದೆ ಎನ್ನುವುದಕ್ಕೆ ಬರೋಣ. ಅಳತೆ ಸರಿಯಿಲ್ಲ. ಬಳೆಯನ್ನು ನೋಡದೆ ಕೊಳ್ಳುತ್ತೀರಾ? ಅಂಗುಸ್ತಾನವೂ ಹಾಗೆಯೇ, ಬೆರಳಿಗೆ ಹಾಕಿ ನೋಡಿಯೇ ಕೊಳ್ಳಬೇಕು. ಹೊಲಿಯುವ ಕೈಯ ನಡುಬೆರಳಿಗೆ ಹಾಕಿ, ಕೈಯನ್ನು ಕೆಳಗೆ ಇಳಿಬಿಟ್ಟು ಕೊಡವಿ. ಬೀಳಬಾರದು. ಹಾಗೆಂದು ಬೆರಳು ಕೆಂಪಾಗುವಷ್ಟು ಬಿಗಿಯೂ ಇರಬಾರದು. ಚಳಿಯ ಬೆಳಗ್ಗೆ ಬೆರಳು ಕುಗ್ಗಿರುತ್ತದೆ, ಸಂಜೆಯ ಸೆಕೆಗೆ ಉಬ್ಬಿರುತ್ತದೆ. ಆದ್ದರಿಂದ ನೀವು ಹೊಲಿಯಲು ಕೂರುವ ಹೊತ್ತಿನಲ್ಲೇ ಅಂಗಡಿಗೆ ಹೋಗುವುದು ಒಳ್ಳೆಯದು. ಹುಬ್ಬಳ್ಳಿಯ ದುರ್ಗದಬೈಲಿನಂಥ ಪೇಟೆಯಲ್ಲಿ ಟೇಲರಿಂಗ್ ಸಾಮಾನಿನ ಅಂಗಡಿಗೆ ಹೋಗಿ ಕೇಳಿದರೆ ಒಂದು ಡಬ್ಬಿಯನ್ನೇ ನಿಮ್ಮ ಮುಂದೆ ಸುರಿಯುತ್ತಾರೆ. ಈಗಿರುವುದನ್ನೇ ಉಳಿಸಿಕೊಳ್ಳಬೇಕೆಂದರೆ ಒಳಗೆ ಗಾಯಕ್ಕೆ ಹಚ್ಚುವ ಬಟ್ಟೆಪಟ್ಟಿಯ ಒಂದು ತುಂಡು ಅಂಟಿಸಿ ನೋಡಿ. ಬೆರಳತುದಿಯನ್ನು ತುಸು ಒದ್ದೆ ಮಾಡಿಕೊಂಡು ಹಾಕಿದರೂ ಹಿಡಿತ ಸಿಗುತ್ತದೆ.

ಅದರ ಮೈಮೇಲಿನ ಗುಳಿಗಳನ್ನು ಬೆರಳಿಂದ ಸವರಿ ನೋಡಿ. ಅವು ಅಂದಕ್ಕಲ್ಲ. ಸೂಜಿಯ ಕಣ್ಣಿನ ತುದಿ ಆ ಗುಳಿಯಲ್ಲಿ ಕೂರಬೇಕು, ಜಾರಬಾರದು. ಗುಳಿ ಆಳವಿಲ್ಲದ, ಮೇಲೆ ನಕ್ಷತ್ರ ಹೂವು ಕೆತ್ತಿದ ಅಂಗುಸ್ತಾನ ಷೋಕೇಸಿಗೆ ಸರಿ. ಅದರಿಂದ ಜಾರಿದ ಸೂಜಿ ಉಗುರಿನ ಸಂದಿಗೆ ನುಗ್ಗಿದ ಅನುಭವ ನನಗೊಮ್ಮೆ ಆಗಿದೆ. ಅಂದು ನನ್ನ ಬಾಯಿಂದ ಹೊರಟ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ದರ್ಜಿಗಳ ಕೈ ನೋಡಿದ್ದೀರಾ? ಕೋಟಿನ ಒಳಹೊಲಿಗೆ ಹಾಕುವ ಹಳಬರ ನಡುಬೆರಳಿನಲ್ಲಿ ತಲೆಯೇ ಇಲ್ಲದ, ಬರೀ ಬಳೆಯಂಥ ಅಂಗುಸ್ತಾನವಿರುತ್ತದೆ. ಅವರು ಬೆರಳತುದಿಯಿಂದ ತಳ್ಳುವುದಿಲ್ಲ, ಬೆರಳಿನ ಪಕ್ಕದಿಂದ ತಳ್ಳುತ್ತಾರೆ. ತುದಿ ಹೊರಗೇ ಇರುವುದರಿಂದ ಬಟ್ಟೆಯ ಸ್ಪರ್ಶ ತಿಳಿಯುತ್ತದೆ, ಬೆರಳು ಬೆವರುವುದಿಲ್ಲ, ಉಗುರು ಬಿಟ್ಟವರಿಗೂ ಅಡ್ಡಿಯಿಲ್ಲ. ಟೋಪಿಯಂಥದ್ದು ಒಗ್ಗದವರು ಇದನ್ನು ಹಾಕಿ ನೋಡಬೇಕು. ಜಪಾನಿನವರು ಇನ್ನೂ ಮುಂದೆ ಹೋಗಿ, ಯುಬಿನುಕಿ ಎಂಬ ಉಂಗುರವನ್ನು ನಡುಬೆರಳಿನ ಗೆಣ್ಣುಗಳ ನಡುವೆ ಹಾಕುತ್ತಾರೆ. ಅವರ ಸಾಶಿಕೊ ಹೊಲಿಗೆ ನಮ್ಮ ಕೌದಿಯದೇ ಸೋದರಿ ಎನ್ನಬಹುದು: ಪದರದ ಮೇಲೆ ಪದರ, ಮೇಲೆ ಬರೀ ಸಾದಾ ಹೊಲಿಗೆಯ ಸಾಲು. ಅದಕ್ಕೆ ಬಳಸುವ ಅಂಗುಸ್ತಾನ ಬೆರಳಿನ ಬುಡದಲ್ಲಿರುತ್ತದೆ, ಅದಕ್ಕೊಂದು ಬಿಲ್ಲೆ ಅಂಗೈ ಕಡೆಗೆ ಚಾಚಿರುತ್ತದೆ. ಉದ್ದ ಸೂಜಿಯ ಹಿಂತುದಿಯನ್ನು ಆ ಬಿಲ್ಲೆಗೆ ಆನಿಸಿ, ಬಟ್ಟೆಯನ್ನು ಸೂಜಿಯ ಮೇಲೆ ನಿರಿಗೆ ಹಿಡಿದಂತೆ ಪೋಣಿಸುತ್ತ ಹೋಗಿ, ಐದಾರು ಹೊಲಿಗೆಗಳನ್ನು ಒಟ್ಟಿಗೆ ಎಳೆದುಬಿಡುತ್ತಾರೆ. ತಳ್ಳುವ ಬಲ ಬೆರಳಿನದಲ್ಲ, ಇಡೀ ಕೈಯದು.

ಚರ್ಮದ ಅಂಗುಸ್ತಾನವೂ ಇದೆ. ಮೃದು, ಬೇಗ ಒಗ್ಗುತ್ತದೆ. ಆದರೆ ಕೌದಿಯಂಥ ದಪ್ಪ ಕೆಲಸಕ್ಕೆ ಕೆಲವೇ ವಾರದಲ್ಲಿ ತೂತಾಗುತ್ತದೆ. ಹಳೆಯ ಚರ್ಮದ ಪರ್ಸು ಮನೆಯಲ್ಲಿ ಬಿದ್ದಿದ್ದರೆ ಅದರಿಂದ ನೀವೇ ಬೆರಳಿನ ಅಳತೆಗೆ ಒಂದು ಚೀಲ ಹೊಲಿದುಕೊಳ್ಳಬಹುದು. ಲೋಹದ್ದು ಹಾಕಿದಾಗ ಬೆರಳು ಕೆರೆತ ಬಂದು ಕೆಂಪಾದರೆ ಅದರ ನಿಕ್ಕಲ್ ಲೇಪನ ನಿಮಗೆ ಆಗದಿರಬಹುದು. ಆಗ ಚರ್ಮದ್ದಕ್ಕೋ ಪ್ಲಾಸ್ಟಿಕ್ಕಿನದಕ್ಕೋ ಹೋಗಿ.

ಯಾವುದೇ ಆಗಲಿ, ಮೊದಲ ದಿನ ಅದು ಶತ್ರುವೇ. ಕನ್ನಡಕ ಹೊಸದಾಗಿ ಬಂದಾಗ ಮೆಟ್ಟಿಲು ತಪ್ಪಿದ ಹಾಗೆ. ನಾನು ಕಲಿತದ್ದು ಹೀಗೆ: ಕೌದಿಯನ್ನು ಬದಿಗಿಟ್ಟು ಒಂದು ವಾರ ಸೀರೆಗಳಿಗೆ ಫಾಲ್ ಹಚ್ಚಿದೆ. ತೆಳ್ಳನೆಯ ಬಟ್ಟೆ, ಬಲ ಬೇಡ, ಬೆರಳಿಗೆ ಬರೀ ದಾರಿ ಗೊತ್ತಾದರೆ ಸಾಕು. ಹೆಬ್ಬೆರಳು, ತೋರುಬೆರಳು ಸೂಜಿಯನ್ನು ಹಿಡಿದು ದಿಕ್ಕು ತೋರಿಸುತ್ತವೆ. ನಡುಬೆರಳು ಮಡಚಿಕೊಂಡು ಹಿಂದಿನಿಂದ ತಳ್ಳುತ್ತದೆ. ಹಿಡಿಯುವುದು ಬೇರೆ ಬೆರಳು, ತಳ್ಳುವುದು ಬೇರೆ ಬೆರಳು ಎನ್ನುವುದು ಕೈಗೆ ಬಂದ ದಿನ ಅಂಗುಸ್ತಾನ ಇಲ್ಲದೆ ಸೂಜಿ ಮುಟ್ಟಲು ಮನಸ್ಸು ಬರುವುದಿಲ್ಲ. ನಿಮಗೆ ಸೂಜಿ ಹಿಡಿಯಲು ಬರುವುದಿಲ್ಲ ಎಂದರೆ, ಬಹುಶಃ ನೀವು ಅದನ್ನು ತೋರುಬೆರಳಿಗೆ ಹಾಕುತ್ತಿದ್ದೀರಿ.

ಇನ್ನು ಅಡಿಗೈ. ಕೌದಿ ಹೊಲಿಯುವಾಗ ಆ ಕೈ ಕತ್ತಲೆಯಲ್ಲಿ ಕುಳಿತ ಕಾವಲುಗಾರ. ಮೊನೆ ಎಲ್ಲ ಪದರಗಳನ್ನೂ ದಾಟಿತೇ ಎಂದು ನಿಮ್ಮ ಕಣ್ಣಿಗೆ ಕಾಣಿಸುವುದಿಲ್ಲ. ಅಡಿಯ ಬೆರಳು ಮುಟ್ಟಿ ಹೇಳಬೇಕು. ಅದಕ್ಕೆ ದಪ್ಪ ಕವಚ ತೊಡಿಸಿದರೆ ಕಾವಲುಗಾರನ ಕಿವಿಗೆ ಹತ್ತಿ ತುರುಕಿದ ಹಾಗಾಗುತ್ತದೆ. ಮೇಲೆ ಹೊಲಿಗೆ ಚಂದ ಕಾಣುತ್ತದೆ, ತಿರುಗಿಸಿ ನೋಡಿದರೆ ಅಡಿಯ ಸೀರೆಗೆ ದಾರ ಹತ್ತಿಯೇ ಇರುವುದಿಲ್ಲ. ನಮ್ಮಜ್ಜಿಯೂ ಇದನ್ನೇ ತನ್ನ ಧಾರವಾಡದ ಮಾತಿನಲ್ಲಿ ಹೇಳುತ್ತಿದ್ದಳು: "ಬೆರಳಿಗೆ ಅಂಗಿ ತೊಡಿಸಿದ್ರ ಬಟ್ಟಿ ಮಾತು ಕೇಳಸೂದಿಲ್ಲ ತಂಗಿ."

ಹಾಗಾದರೆ ಚುಚ್ಚಿಸಿಕೊಳ್ಳುತ್ತಲೇ ಇರಬೇಕೆ? ಬೇಡ. ಮುಟ್ಟುವುದಕ್ಕೂ ಚುಚ್ಚುವುದಕ್ಕೂ ನಡುವೆ ಒಂದು ಎಳೆಯಷ್ಟು ಜಾಗವಿದೆ, ಕಲಿಯಬೇಕಾದದ್ದು ಅದನ್ನು. ಸೂಜಿಯನ್ನು ಮೇಲಿನಿಂದ ನೆಟ್ಟಗೆ ಇಳಿಸಿ, ಮೊನೆ ಅಡಿಯ ಬೆರಳಿಗೆ ಸೋಕಿತು ಎಂದಾಗ ಅಲ್ಲೇ ನಿಲ್ಲಿಸಿ. ತಳ್ಳಬೇಡಿ. ಮೇಲಿನ ಕೈಯಿಂದ ಸೂಜಿಯ ಹಿಂತುದಿಯನ್ನು ಬಟ್ಟೆಯ ಕಡೆಗೆ ಮಲಗಿಸಿ, ಅದೇ ಹೊತ್ತಿಗೆ ಅಡಿಯ ಬೆರಳಿನಿಂದ ಮೊನೆಯ ಮುಂದಿನ ಬಟ್ಟೆಯನ್ನು ಸಣ್ಣ ದಿಬ್ಬದಂತೆ ಮೇಲೆತ್ತಿ. ಮೊನೆ ತಾನೇ ಮೇಲೆ ಬರುತ್ತದೆ. ಸೂಜಿ ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುತ್ತದೆ, ಅಷ್ಟೆ. ಬೆರಳಿನ ಮೆತ್ತನೆಯ ನಡುಭಾಗ ಕೊಡದೆ ಉಗುರಿನ ಪಕ್ಕದ ಗಟ್ಟಿ ಭಾಗ ಕೊಡಿ. ಇವತ್ತು ತೋರುಬೆರಳು, ನಾಳೆ ನಡುಬೆರಳು, ಮರುದಿನ ಉಂಗುರಬೆರಳು ಎಂದು ಪಾಳಿ ಹಾಕಿ. ಕೆಲವು ವಾರದಲ್ಲಿ ಅಲ್ಲಿ ತೆಳುವಾಗಿ ಜಡ್ಡುಗಟ್ಟುತ್ತದೆ. ಆ ಜಡ್ಡನ್ನು ಕಲ್ಲಿನಿಂದ ಉಜ್ಜಿ ತೆಗೆಯಬೇಡಿ. ಮೊಮ್ಮಗಳ ಕೌದಿ ಮುಗಿಯುವವರೆಗೆ ಅದು ನಿಮ್ಮ ಆಸ್ತಿ.

ಈಗಾಗಲೇ ಜರಡಿಯಾಗಿರುವ ಬೆರಳಿಗೆ ಎರಡು ದಿನ ಬಿಡುವು ಕೊಟ್ಟು, ಆಮೇಲೆ ಔಷಧಿ ಅಂಗಡಿಯ ಬಟ್ಟೆಯಂಥ ಅಂಟುಪಟ್ಟಿಯನ್ನು ಒಂದೇ ಸುತ್ತು ಹಾಕಿಕೊಂಡು ಹೊಲಿಯಿರಿ. ಸ್ಪರ್ಶವೂ ತಿಳಿಯುತ್ತದೆ, ಮೊನೆಯನ್ನೂ ತಡೆಯುತ್ತದೆ. ಇನ್ನೊಂದು ಉಪಾಯ ಕೇಳಿದರೆ ನಗುತ್ತೀರಿ: ಚಹದ ಚಮಚ. ಹಳೆಯ ಸ್ಟೀಲ್ ಚಮಚವನ್ನು ಅಡಿಗೈಯಲ್ಲಿ ಹಿಡಿದು, ಬೆರಳಿಗೆ ಬದಲು ಅದರ ಅಂಚಿನಿಂದ ಬಟ್ಟೆಯನ್ನು ಮೇಲೆತ್ತುವುದು. ಮೊನೆ ಚಮಚದ ಮೈಮೇಲೆ ಜಾರಿ ಮೇಲೆ ಬರುತ್ತದೆ. ಅಮೆರಿಕದ ಕ್ವಿಲ್ಟ್ ಹೊಲಿಯುವವರಲ್ಲಿ ಇದು ಸಾಕಷ್ಟು ರೂಢಿಯಲ್ಲಿದೆ. ನನಗೆ ಒಗ್ಗಲಿಲ್ಲ, ಸೂಜಿಯ ಮೊನೆಯೂ ಬೇಗ ಮೊಂಡಾಯಿತು. ನಿಮಗೆ ಒಗ್ಗಬಹುದು.

ಅಷ್ಟಕ್ಕೂ ಬೆರಳಿನ ಕಷ್ಟದಲ್ಲಿ ಅರ್ಧಪಾಲು ಬೆರಳಿನದೇ ಅಲ್ಲ, ಸೂಜಿ ಮತ್ತು ಬಟ್ಟೆಯದು. ನೀವು ಯಾವ ಸೂಜಿ ಬಳಸುತ್ತೀರಿ ಎಂದು ಬರೆದಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ಹೊಲಿಯುವಾಗ ಸೂಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಮೊನೆಯೇ ಒಳಗೆ ಹೋಗಲು ಹಟ ಮಾಡಿದರೆ ಸೂಜಿ ಮೊಂಡಾಗಿದೆ, ಇಲ್ಲವೇ ಬಟ್ಟೆಯ ನೇಯ್ಗೆ ಬಿಗಿ. ಮೊನೆ ಸಲೀಸಾಗಿ ಹೋಗಿ ಕೊನೆಯಲ್ಲಿ ಕಣ್ಣಿನ ಹತ್ತಿರ ಸಿಕ್ಕಿಕೊಂಡರೆ, ನಿಮ್ಮ ದಾರಕ್ಕೆ ಸೂಜಿ ತೀರ ಸಣ್ಣದು. ಕಣ್ಣಿನ ಹತ್ತಿರ ದಾರ ಇಮ್ಮಡಿಯಾಗಿರುತ್ತದೆ. ಅದು ನುಸುಳುವಷ್ಟು ತೂತನ್ನು ಸೂಜಿ ಮಾಡಿಕೊಡಬೇಕು. ಅನೇಕರು ಸಣ್ಣ ಸೂಜಿಯಾದರೆ ನೋವು ಕಡಿಮೆ ಎಂದು ಭಾವಿಸುತ್ತಾರೆ. ಆಗುವುದು ತಿರುಗುಮುರುಗು. ಸಣ್ಣ ಸೂಜಿ ಚುಚ್ಚಿದಾಗ ನೋವು ಕಡಿಮೆ, ತಳ್ಳುವಾಗ ನೋವು ಹೆಚ್ಚು, ಸಾಲದ್ದಕ್ಕೆ ಬಾಗುತ್ತದೆ, ಮುರಿಯುತ್ತದೆ. ಸೂಜಿಯ ನಂಬರ್ ಹೆಚ್ಚಾದಂತೆ ಸೂಜಿ ಸಣ್ಣದಾಗುತ್ತದೆ ಎನ್ನುವುದು ನೆನಪಿರಲಿ. ನಿಮ್ಮದು ಹತ್ತೋ ಹನ್ನೆರಡೋ ಆಗಿದ್ದರೆ ಏಳಕ್ಕೋ ಐದಕ್ಕೋ ಇಳಿಯಿರಿ. ಮತ್ತೆ, ಒಂದೇ ಸೂಜಿಯಲ್ಲಿ ಇಡೀ ಕೌದಿ ಮುಗಿಸುವ ವ್ರತ ಬೇಡ. ಸೂಜಿ ಅಗ್ಗ, ಬೆರಳು ಅಲ್ಲ.

ಬಟ್ಟೆಯಲ್ಲಿಯೇ ಇದೆ ನಿಮ್ಮಜ್ಜಿಯ ಗುಟ್ಟು ಕೂಡ. ಆಕೆಯ ಕೌದಿಗೆ ಬೀಳುತ್ತಿದ್ದದ್ದು ವರ್ಷಗಟ್ಟಲೆ ಉಟ್ಟು, ಹಳ್ಳದ ಕಲ್ಲಿಗೆ ಬಡಿದು ಒಗೆದು, ನೂಲು ಸವೆದು ಹಂಜಿಯಂತಾಗಿದ್ದ ಹತ್ತಿಯ ಸೀರೆ, ಧೋತರ. ಅದರಲ್ಲಿ ಸೂಜಿ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ನೀವು ಹಾಸಿಗೆ ಹೊದಿಕೆಗಳನ್ನೂ ಸೇರಿಸಿದ್ದೇನೆ ಎಂದು ಬರೆದಿದ್ದೀರಿ. ಅವುಗಳ ನೇಯ್ಗೆ ದಟ್ಟ, ಮೇಲಾಗಿ ಇಂದಿನ ಹೊದಿಕೆಗಳಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ, ಸವೆಯುವುದೇ ಇಲ್ಲ. ಸಾಧ್ಯವಿದ್ದರೆ ಒಳಪದರದಿಂದ ಅವನ್ನು ತೆಗೆದುಹಾಕಿ ಹಳೆಯ ಹತ್ತಿ ಸೀರೆ ಹಾಕಿ. ಗಂಜಿ ಹಾಕಿದ ಸೀರೆಯಾದರೆ ಬಿಸಿನೀರಲ್ಲಿ ನೆನೆಸಿ ಗಂಜಿ ಬಿಡಿಸಿ. ಜರಿಯ ಅಂಚು, ಸೆರಗಿನ ದಪ್ಪ ಭಾಗಗಳನ್ನು ಕತ್ತರಿಸಿ ಬೇರೆಯದಕ್ಕೆ ಇಟ್ಟುಕೊಳ್ಳಿ. ನಾಲ್ಕು ತುಂಡುಗಳ ಮಡಿಕೆ ಒಂದೆಡೆ ಸೇರುವ ಜಾಗದಲ್ಲಿ ಬಟ್ಟೆ ಹತ್ತು ಹನ್ನೆರಡು ಪದರವಾಗುತ್ತದೆ. ಅಲ್ಲಿ ಶೌರ್ಯ ತೋರದೆ ಪಕ್ಕದಿಂದ ಹೊಲಿಗೆ ತಿರುಗಿಸಿಕೊಂಡು ಹೋಗಿ. ಹೋಗಲೇಬೇಕೆಂದರೆ ದಬ್ಬಣ ತೆಗೆದುಕೊಳ್ಳಿ. ದಬ್ಬಣವನ್ನು ಬರಿಗೈಯಲ್ಲಿ ಮಾತ್ರ ತಳ್ಳಬೇಡಿ, ಅಂಗೈಗೆ ಚರ್ಮದ ತುಂಡೋ ನಾಲ್ಕು ಮಡಿಕೆಯ ದಪ್ಪ ಬಟ್ಟೆಯೋ ಇರಲಿ.

ನಿಮ್ಮಜ್ಜಿಯ ವಿಷಯದಲ್ಲಿ ಇನ್ನೂ ಎರಡು ಮಾತಿದೆ. ಹೊಲ, ಬೀಸುಕಲ್ಲು, ಹಗ್ಗ, ಸಗಣಿ ಎಲ್ಲ ಕಂಡಿದ್ದ ಆ ಕೈಗೆ ಸೂಜಿ ಮುಟ್ಟುವ ಮೊದಲೇ ಜಡ್ಡುಗಟ್ಟಿತ್ತು. ಚಾಕ್‌ಪೀಸ್ ಹಿಡಿದ ನಿಮ್ಮ ಕೈ, ಪೆನ್ನು ಹಿಡಿದ ನನ್ನ ಕೈ ಹಾಗಲ್ಲ. ಮತ್ತೆ, ಆಕೆ ಒಬ್ಬಳೇ ಕೂತು ಹಟ ಹಿಡಿದು ಹೊಲಿಯುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಪಡಸಾಲೆಯಲ್ಲಿ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಕೂರುತ್ತಿದ್ದರು. ಹರಟೆಯ ನಡುವೆ ಸೂಜಿ ನಿಂತು ನಿಂತು ಹೋಗುತ್ತಿತ್ತು. ಹೊಲಿಗೆಯೂ ಸಣ್ಣದಲ್ಲ, ಧಾರಾಳ ಉದ್ದದ್ದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ ನೋಡಿ. ಅಂಚಿನ ಒಂದು ಮೂಲೆಯಲ್ಲಿ ಶುರುಮಾಡಿ, ತುಂಡುಗಳನ್ನು ಮಡಚಿ ಹಚ್ಚುತ್ತ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಪದರಪದರವಾಗಿ ಮಡಚಿದ ತ್ರಿಕೋನದ 'ಫುಲಾ' ಇರಬೇಕು, ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಅಂಥ ಕೌದಿಯ ಹೊಲಿಗೆ ಸಾಲನ್ನು ಬೆರಳಿಂದ ಸವರಿದರೆ ಅವಸರವಿಲ್ಲದ ಕೈ ಎಂದು ತಿಳಿಯುತ್ತದೆ. ನೀವು ಎಷ್ಟು ಹೊತ್ತು ಒಂದೇ ಸಮನೆ ಹೊಲಿಯುತ್ತೀರಿ? ಅರ್ಧ ಗಂಟೆಗೊಮ್ಮೆ ಎದ್ದು ಒಲೆಯ ಮೇಲಿನ ಹಾಲು ನೋಡಿ ಬನ್ನಿ. ಬೆರಳು ಮಾತ್ರವಲ್ಲ, ಮಣಿಕಟ್ಟು, ಕತ್ತು ಕೂಡ ಹರಸುತ್ತವೆ.

ಸೂಜಿ ಜಾರುವಂತೆ ಮಾಡುವ ಹಳೆಯ ಉಪಾಯಗಳು ಇಂದಿಗೂ ಸಲ್ಲುತ್ತವೆ. ಹೊಲಿಯುವ ನಡುವೆ ಸೂಜಿಯನ್ನು ತಲೆಗೂದಲಲ್ಲಿ ಒಮ್ಮೆ ಎಳೆದುಕೊಳ್ಳುವುದನ್ನು ಮರೆತಿಲ್ಲ ತಾನೆ? ನೆತ್ತಿಯ ಎಣ್ಣೆಯಂಶ ಸೂಜಿಗೆ ಹತ್ತುತ್ತದೆ, ಅಷ್ಟೇ ಅದರ ಮರ್ಮ. ತಲೆ ಚುಚ್ಚಿಕೊಳ್ಳುವ ಭಯವಿದ್ದರೆ ಒಣಗಿದ ಸೋಪಿನ ತುಂಡಿಗೆ ಸೂಜಿ ಚುಚ್ಚಿ ತೆಗೆಯಿರಿ. ದಾರಕ್ಕೆ ಜೇನುಮೇಣ ಸವರಿದರೆ ಸಿಕ್ಕುಗಟ್ಟುವುದಿಲ್ಲ. ದಾರ ಒಂದು ಮೊಳ, ಹೆಚ್ಚೆಂದರೆ ಒಂದೂವರೆ ಮೊಳ ಸಾಕು. ಮತ್ತೆ ಮತ್ತೆ ಪೋಣಿಸುವ ಸೋಮಾರಿತನಕ್ಕೆ ಮಾರುದ್ದ ದಾರ ಹಾಕಿದರೆ ಪ್ರತಿ ಎಳೆತಕ್ಕೂ ಅದು ಕಿರುಬೆರಳಿನ ಸಂದಿಯನ್ನು ಕೊಯ್ಯುತ್ತದೆ. ಪಾಲಿಯೆಸ್ಟರ್ ದಾರವಂತೂ ಗರಗಸವೇ. ಸಿಕ್ಕಿಕೊಂಡ ಸೂಜಿಯನ್ನು ಹಲ್ಲಿನಿಂದ ಎಳೆಯುವವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ಒಡೆದ ಬಲೂನಿನ ಒಂದು ತುಂಡು, ಇಲ್ಲವೇ ನೋಟು ಎಣಿಸುವವರು ಬೆರಳಿಗೆ ಹಾಕುವ ರಬ್ಬರಿನ ಟೊಪ್ಪಿಗೆ ತೋರುಬೆರಳಿಗಿರಲಿ. ಹಿಡಿತ ಎಷ್ಟು ಸಿಗುತ್ತದೆಂದರೆ, ಈ ಅಗ್ಗದ ಸಾಮಾನಿಲ್ಲದೆ ಇಷ್ಟು ವರ್ಷ ಒದ್ದಾಡಿದೆನಲ್ಲ ಅನಿಸುತ್ತದೆ.

ಗಾಯದ ಮಾತು. ಸೂಜಿ ಚುಚ್ಚಿದರೆ ಸೋಪು, ನೀರಿನಲ್ಲಿ ತೊಳೆದು ಒತ್ತಿ ಹಿಡಿಯಿರಿ. ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ದಾಟಿದ್ದರೆ ಈ ನೆಪದಲ್ಲಿ ಒಂದು ಹಾಕಿಸಿಕೊಳ್ಳಿ. ಕೌದಿಗೆ ರಕ್ತದ ಕಲೆ ಹತ್ತಿದರೆ ತಣ್ಣೀರಲ್ಲಿ ಮಾತ್ರ ತೊಳೆಯಿರಿ, ಬಿಸಿನೀರು ಕಲೆಯನ್ನು ಕಾಯಂ ಮಾಡುತ್ತದೆ. ಅಷ್ಟಕ್ಕೇ ಮುಗಿದರೆ ಸರಿ. ಎರಡು ದಿನ ಬಿಟ್ಟು ಉಗುರಿನ ಬುಡ ಕೆಂಪಾಗಿ ಊದಿದರೆ ಅದು ಉಗುರುಸುತ್ತು. ನಮ್ಮ ಮನೆಗಳಲ್ಲಿ ಮೊದಲ ಔಷಧ ನಿಂಬೆಹಣ್ಣು, ತುದಿ ಕೊಯ್ದು ಬೆರಳಿಗೆ ಸಿಕ್ಕಿಸಿಬಿಡುವುದು. ಅದರಿಂದ ಒಂದು ಲಾಭ ಖಂಡಿತ: ಹಳದಿ ಟೊಪ್ಪಿಗೆ ಕಂಡವರೆಲ್ಲ ಕೆಲಸ ಹೇಳುವುದು ಬಿಡುತ್ತಾರೆ, ಬೆರಳಿಗೆ ವಿಶ್ರಾಂತಿ ಸಿಗುತ್ತದೆ. ಕೀವು ತುಂಬಿದ ಮೇಲೆ ನಿಂಬೆಯನ್ನು ನಂಬಿ ಕೂರಬಾರದು. ಬೆರಳತುದಿಯ ಒಳಗೆ ಸಣ್ಣ ಸಣ್ಣ ಗೋಡೆಗಳಿಂದ ಬೇರ್ಪಟ್ಟ ಕೋಣೆಗಳಿವೆ. ಕೀವಿಗೆ ಹರಡಲು ಜಾಗವಿಲ್ಲದೆ ಒಳಗೇ ಒತ್ತಡ ಏರುತ್ತದೆ, ನಾಡಿ ಬಡಿದಂತೆ ಬೆರಳು ಮಿಡಿಯುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಹಾಗಾದ ದಿನವೇ ವೈದ್ಯರ ಹತ್ತಿರ ಹೋಗಬೇಕು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಗಾದೆಯಿದೆಯಲ್ಲ, ಉಗುರುಸುತ್ತನ್ನು ತಡಮಾಡಿದರೆ ಕೊಡಲಿಯೇ ಬರುತ್ತದೆ.

ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ಮೇಲೆ ಅಡಿಗೈ ಬಗ್ಗೆ ಹೇಳಿದ್ದನ್ನೆಲ್ಲ ಮರೆತುಬಿಡಿ. ಬೆರಳಿನ ಸ್ಪರ್ಶ ಮಂದವಾಗಿರಬಹುದು, ಚುಚ್ಚಿದ್ದೇ ತಿಳಿಯದಿರಬಹುದು, ಗಾಯ ಮಾಯುವುದೂ ನಿಧಾನ. ಎರಡೂ ಕೈಗೆ ಕವಚ ಹಾಕಿ, ಎದ್ದಾಗಲೆಲ್ಲ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳಿ. ಹೊಲಿಗೆ ಸ್ವಲ್ಪ ಸೊಟ್ಟಗಾದರೆ ಮೊಮ್ಮಗಳು ದೂರು ಕೊಡುವುದಿಲ್ಲ.

ಸೂಜಿ ಮುರಿದು ತುದಿ ಬೆರಳೊಳಗೆ ಉಳಿಯಿತು ಎಂಬ ಅನುಮಾನ ಬಂದರೆ ಇನ್ನೊಂದು ಸೂಜಿ ಹಿಡಿದು ಅಗೆಯಬೇಡಿ. ಉಕ್ಕು ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಆಸ್ಪತ್ರೆಗೆ ಹೋಗಿ. ಮುರಿದ ಇನ್ನೊಂದು ತುಂಡನ್ನು ಜೊತೆಗೆ ಒಯ್ಯಿರಿ, ಒಳಗೆ ಎಷ್ಟುದ್ದ ಉಳಿದಿದೆ ಎಂದು ಲೆಕ್ಕ ಸಿಗುತ್ತದೆ.

ಕೌದಿ ಮೊಮ್ಮಗಳಿಗೆ ಎಂದಿರಿ. ಹಾಗಾಗಿ ಹೊಲಿಯಲು ಕೂರುವಾಗ ಎಷ್ಟು ಸೂಜಿ ತೆಗೆದಿರೋ ಏಳುವಾಗ ಅಷ್ಟೇ ಇವೆಯೇ ಎಂದು ಎಣಿಸಿ ಡಬ್ಬಿಗೆ ಹಾಕಿ, ಮುರಿದವನ್ನೂ ಸೇರಿಸಿ. ಕೌದಿ ಮುಗಿದ ದಿನ ಮೊಮ್ಮಗಳಿಗೆ ಹೊದಿಸುವ ಮೊದಲು ಎರಡೂ ಬದಿಗೆ ಅಯಸ್ಕಾಂತ ಆಡಿಸಿ ನೋಡಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ತೆಳ್ಳನೆಯದು ಸಾಲದು, ಹಳೆಯ ಸ್ಪೀಕರಿನಿಂದ ಬಿಚ್ಚಿದ್ದು ಸಿಕ್ಕರೆ ಒಳ್ಳೆಯದು.